ಅಡುಗೆಮನೆಗೆ ಬರುತ್ತಿದ್ದ ದನಿ

"ಅದನ್ನ ಮುಚ್ಚಬೇಡ!"

ಟೀಚರು ಕೂಗಿದ ರಭಸಕ್ಕೆ ನಾದಿನಿಯ ಕೈಯಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ಜಾರಿ ಬೀಳುವುದರಲ್ಲಿತ್ತು.

"ಕಾಫಿ ಕಪ್ಪು ಇಡೋಕೆ ಜಾಗ ಮಾಡ್ತಿದ್ದೆ ಅತ್ತಿಗೆ. ಅಣ್ಣನೇ ಹೋದ ಮೇಲೆ ಇದಿನ್ನೇನು ಮಾತಾಡುತ್ತೆ?"

ಹೊರಗಿನ ಕೋಣೆಯಲ್ಲಿ ಆಕೆಯ ಅಣ್ಣ, ಟೀಚರ ಗಂಡ, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಗಾಡಿ ಬರಲು ಇನ್ನೂ ಹೊತ್ತಿತ್ತು. ಬಂದವರ ಬಾಯಲ್ಲೆಲ್ಲ ಒಂದೇ ಮಾತು: "ಕೂತಲ್ಲೇ ಕಣ್ಣು ಮುಚ್ಚಿದ್ರಂತೆ. ಯಾರನ್ನೂ ಕರೀಲೂ ಇಲ್ವಂತೆ. ಪುಣ್ಯವಂತರು." ಆ ಮಾತನ್ನು ಹುಟ್ಟುಹಾಕಿದವರು ಟೀಚರೇ. ಈಗ ಅದು ಮನೆಯೆಲ್ಲ ಸುತ್ತಿ ಅವರ ಕಿವಿಗೇ ಬಂದು ಚುಚ್ಚುತ್ತಿತ್ತು.

*

ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋದಾಗ ಗಂಡ ಕೆಲವು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಕೀಲಿಮಣೆಯ ಮುಂದೆ ಕೂತ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಕಾಲದಿಂದಲೂ ಆತನಿಗೆ ಮೌಸ್ ಬೇಡದ, ಕಪ್ಪು ಪರದೆಯ ಎಡಿಟರ್ ಎಂಬ ಬರೆಯುವ ಪ್ರೋಗ್ರಾಮು ಎಂದರೆ ಪ್ರಾಣ. ಆ ಎಡಿಟರಿಗೆ ಬರೆಯುವುದಷ್ಟೇ ಗೊತ್ತು. ಮಿಕ್ಕ ಕೆಲಸಕ್ಕೆ ಹೊರಗಿನ ಪ್ರೋಗ್ರಾಮುಗಳನ್ನು ಕರೆಯಬೇಕು. ಆತ ಅದನ್ನು ಅಡುಗೆಮನೆಯ ಲ್ಯಾಪ್‌ಟಾಪಿನಲ್ಲಿದ್ದ, ಓದಿ ಹೇಳುವ ಪ್ರೋಗ್ರಾಮಿಗೆ ಜೋಡಿಸಿದ. ಹೊರಗಿನ ಕೋಣೆಯಲ್ಲಿ ಕೂತು ತನ್ನ ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದು ಕೀಲಿ ಒತ್ತಿದರೆ, ಸಾಲು ಎಡಿಟರಿನಿಂದ ಅಳಿದುಹೋಗಿ ಅಡುಗೆಮನೆಯಲ್ಲಿ ಮಾತಾಗುತ್ತಿತ್ತು. "ಸಾರಿಗೆ ಉಪ್ಪು ಜಾಸ್ತಿ" ಎಂಬುದನ್ನೂ "ನೀವಿಲ್ಲದಿದ್ರೆ ನಾನೆಲ್ಲಿ ಉಳೀತಿದ್ದೆ" ಎಂಬುದನ್ನೂ ಆ ದನಿ ಒಂದೇ ರಾಗದಲ್ಲಿ ಹೇಳುತ್ತಿತ್ತು.

ಬಾಯಿ ಇದ್ದಾಗ ಅಳೆದು ತೂಗಿ ಮಾತಾಡುತ್ತಿದ್ದವನು ಬಾಯಿ ಹೋದ ಮೇಲೆ ವಾಚಾಳಿಯಾದ.

ನಿನ್ನೆ ಮಧ್ಯಾಹ್ನ ಟೀಚರಿಗೆ ತಲೆ ಸಿಡಿಯುತ್ತಿತ್ತು. "ಟೀಚರೇ, ಕಿಟಕಿ ಹಾಕಿದ್ದೀರಾ? ಟೀಚರೇ, ಪಕ್ಕದ ಮನೆ ನಾಯಿ ಇವತ್ತು ಬೊಗಳಲೇ ಇಲ್ಲ." ಅವರು ಹಲ್ಲು ಕಚ್ಚಿ ಅಡುಗೆಮನೆಯ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್ ಮತ್ತು ಝೆಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರು. ಆತನೇ ಕಲಿಸಿಕೊಟ್ಟದ್ದು: ಪ್ರೋಗ್ರಾಮು ಹಾಗೇ ನಿಲ್ಲುತ್ತದೆ, ಕಳಿಸಿದ್ದೆಲ್ಲ ಸರದಿಯಲ್ಲಿ ಕಾಯುತ್ತಿರುತ್ತದೆ. ಗಂಡನಿಗೆ ಒಂದು ಮಾತು ಹೇಳಲೂ ಇಲ್ಲ. ಬಾಗಿಲು ಎಳೆದುಕೊಂಡು ಮಲಗಿದರು.

ಎದ್ದು ಬಂದಾಗ ಆತ ಕುರ್ಚಿಯಲ್ಲಿ ಹಿಂದಕ್ಕೊರಗಿದ್ದ. ಮುಂದಿನ ಪರದೆ ಖಾಲಿ. ಏನೂ ಬರೆಯಲಿಲ್ಲವೋ, ಬರೆದದ್ದೆಲ್ಲ ಕಳಿಸಿಯಾಗಿತ್ತೋ, ಖಾಲಿ ಪರದೆಯಿಂದ ತಿಳಿಯುವಂತಿರಲಿಲ್ಲ. ರಾತ್ರಿಯೆಲ್ಲ ಅವರು ಅಡುಗೆಮನೆಯ ಕಡೆ ಕಾಲಿಡಲಿಲ್ಲ.

*

ಲ್ಯಾಬಿನಲ್ಲಿ ಗಂಡನ ಜೊತೆಗಿದ್ದ ಗೆಳೆಯರೊಬ್ಬರು ನೀರು ಕುಡಿಯಲು ಒಳಗೆ ಬಂದವರು ಲ್ಯಾಪ್‌ಟಾಪಿನತ್ತ ಬಗ್ಗಿದರು.

"ಇದು ನಿಂತಿದೆಯಲ್ಲ?"

"ಕೆಟ್ಟಿರಬೇಕು ಬಿಡಿ," ಎಂದಳು ನಾದಿನಿ.

ಟೀಚರು ಹೂಂಗುಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ನಾನೇ ನಿಲ್ಲಿಸಿದ್ದು," ಅಂದರು. "ನಿನ್ನೆ ಮಧ್ಯಾಹ್ನ. ಅವರ ಮಾತು ಸಾಕಾಗಿಹೋಗಿತ್ತು."

ನಾದಿನಿ ಕಪ್ಪು ತೊಳೆಯುವುದನ್ನು ಬಿಟ್ಟು ಅತ್ತಿಗೆಯ ಮುಖ ನೋಡಿದಳು. ಗೆಳೆಯರು ದನಿ ತಗ್ಗಿಸಿದರು.

"ಏನಾದ್ರೂ ಕಳಿಸಿದ್ರೆ ಇಲ್ಲೇ ಇರುತ್ತೆ. ಆಫ್ ಮಾಡಿದ್ರೆ ಎಲ್ಲಾ ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ. ಆಫ್ ಮಾಡಿಬಿಡ್ಲಾ?"

ಟೀಚರಿಗೆ ಹೂಂ ಅನ್ನಬೇಕೆಂದು ಎಷ್ಟು ಆಸೆಯಾಯಿತೆಂದರೆ, ಆ ಆಸೆಗೇ ನಾಚಿಕೆಯಾಯಿತು.

"ಬೇಡ. ಓಡಿಸಿ."

ಗೆಳೆಯರು ಎರಡಕ್ಷರ ಒತ್ತಿ ಎಂಟರ್ ಕೊಟ್ಟರು.

"ಟೀಚರೇ, ನಾಯಿ ಬೊಗಳ್ತು," ಎಂದಿತು ಲ್ಯಾಪ್‌ಟಾಪ್. ನಾದಿನಿಗೆ ತಡೆಯಲಾರದೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಟೀಚರೇ, ನೀರು."

"ಎದೆ ಹಿಡ್ಕೊಂಡಿದೆ."

"ಬಾ."

ಹೊರಗಿನ ಕೋಣೆಯ ಮಾತುಗಳು ಒಂದೊಂದಾಗಿ ನಿಂತವು. ಗೆಳೆಯರು ದನಿ ಕಡಿಮೆ ಮಾಡಲು ಕೈ ಚಾಚಿದರು. ಟೀಚರು ಆ ಕೈಯನ್ನು ಸರಿಸಿದರು.

"ಬಾ."

"ಬಂದೆ," ಅಂದರು ಟೀಚರು. ಲೋಟಕ್ಕೆ ನೀರು ತುಂಬಿಕೊಂಡು, ತುಳುಕದಂತೆ ಮೇಲೆ ಅಂಗೈ ಹಿಡಿದು, ಬಾಗಿಲಲ್ಲಿ ಗುಂಪುಗೂಡಿದ್ದವರನ್ನು ಭುಜದಿಂದ ಸರಿಸುತ್ತ, "ಬಂದೆ, ಬಂದೆ," ಎನ್ನುತ್ತ ಹೊರಗಿನ ಕೋಣೆಗೆ ನಡೆದರು.