ಅಪ್ಪ ಒಬ್ಬರೇ ನೋಡಿದ ಮರಗಳು

ಮರಕ್ಕೆ ಕೊಡತಿಯಿಂದ ಬಡಿದರೆ ಬರುವ ಸದ್ದು ಎರಡೇ ಬಗೆಯದು. ಒಳಗೆ ಚೆನ್ನಾಗಿರುವ ಮರ, ಕೆಲಸದ ನಡುವೆ ಕರೆದರೆ ರೇಗುವವರ ಹಾಗೆ, ಚುಟುಕಾಗಿ ಟಕ್ ಎನ್ನುತ್ತದೆ. ಕೊಳೆತದ್ದು ಖಾಲಿ ಡ್ರಮ್ಮಿನ ಹಾಗೆ ಡೊಬ್ ಎನ್ನುತ್ತದೆ. ಈ ವ್ಯತ್ಯಾಸ ಹಿಡಿಯುವುದರಲ್ಲಿ ಅಪ್ಪನನ್ನು ಮೀರಿಸಿದವರಿಲ್ಲ ಎಂದು ಊರಿಗೆ ಊರೇ ನಂಬಿತ್ತು. ಮನೆ ಕೊಳ್ಳುವವರು, ಕಾಂಪೌಂಡು ಎತ್ತುವವರು, ಗಾಳಿಯ ತಿಂಗಳು ಹತ್ತಿರವಾದಂತೆ ನಿದ್ದೆಗೆಡುವವರು, ಎಲ್ಲರೂ ಮೊದಲು ಕರೆಯುತ್ತಿದ್ದುದು ಅವರನ್ನೇ. ‘ಮರದ ಡಾಕ್ಟ್ರು’ ಎಂದರೆ ಸಾಕು, ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು.

ಡಾಕ್ಟ್ರ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಅಷ್ಟಕ್ಕಷ್ಟೇ ಎಂಬುದು ಗೊತ್ತಿದ್ದದ್ದು ಮಗಳೊಬ್ಬಳಿಗೆ. ಅಮ್ಮ ಕೂಡ ಅದನ್ನು ಬರಿಯ ಜಾಣಕಿವುಡು ಎಂದುಕೊಂಡಿದ್ದಳು. “ಅಂಗಡಿಗೆ ಹೋಗಿ ಅಂದ್ರೆ ಕೇಳಲ್ಲ, ಊಟಕ್ಕೆ ಬನ್ನಿ ಅಂದ್ರೆ ಬೀದಿ ಕೊನೇಲಿದ್ರೂ ಕೇಳುತ್ತೆ” ಎಂದು ಗೊಣಗಿ ಸುಮ್ಮನಾಗುತ್ತಿದ್ದಳು.

ಡಿಗ್ರಿ ಮುಗಿಸಿದ ಮೇಲೆ ಮಗಳು ಅಪ್ಪನ ಜೊತೆ ಕೆಲಸಕ್ಕೆ ಬಂದು ಒಂದು ವರ್ಷವಾಗಿತ್ತು. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿಗೆ ಮರಗಳ ಸಹವಾಸವೇ ವಾಸಿ ಎಂದು ಅಪ್ಪನೇ ಕರೆದುಕೊಂಡಿದ್ದರು. ಮನೆಯಲ್ಲಿ ಅವಳ ಅಡ್ಡಹೆಸರು ಗುಬ್ಬಿ. ಅಪ್ಪ ಬುಡದಿಂದ ಎದೆಮಟ್ಟದವರೆಗೆ ಸುತ್ತಲೂ ಬಡಿಯುತ್ತ ‘ಗಟ್ಟಿ’, ‘ಟೊಳ್ಳು’ ಎಂದು ಕೂಗುತ್ತಿದ್ದರು, ಗುಬ್ಬಿ ಪಕ್ಕದಲ್ಲಿ ನಿಂತು ಮರದ ಎತ್ತರ, ಸುತ್ತಳತೆ, ಅಪ್ಪ ಕೂಗಿದ್ದು ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬಿಡದೆ ಬರೆದುಕೊಳ್ಳುತ್ತಿದ್ದಳು. ಐದು ತಿಂಗಳ ಹಿಂದೆ ಒಂದು ಗುಲ್‌ಮೊಹರ್ ಸ್ಪಷ್ಟವಾಗಿ ಡೊಬ್ ಎಂದಾಗ ಅಪ್ಪ ‘ಗಟ್ಟಿ’ ಎಂದರು. ಅವಳು ಹಾಗೇ ಬರೆದುಕೊಂಡಳು. ಸಂಜೆ ರಿಪೋರ್ಟು ಟೈಪು ಮಾಡುವಾಗ ‘ಟೊಳ್ಳು, ಕೂಡಲೇ ಕಡಿಸಿ’ ಎಂದು ತಿದ್ದಿದಳು. ಅಪ್ಪ ಓದದೆ ಸಹಿ ಹಾಕಿದರು. ಆಮೇಲೆ ಇನ್ನೆರಡು ಸಲ ಹಾಗೇ ಆಯಿತು. ಮಿಕ್ಕ ಎಲ್ಲ ಸಲವೂ ಅಪ್ಪ ಸರಿಯಾಗಿಯೇ ಹೇಳುತ್ತಿದ್ದರು. ಅದು ಹೇಗೆಂದು ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ. ಹೇಳಿಬಿಟ್ಟರೆ ಅಪ್ಪನ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಹೇಳದಿದ್ದರೆ ಎಂದಾದರೂ ಒಂದು ಮರ ಯಾರ ತಲೆಯ ಮೇಲೋ ಬೀಳುತ್ತದೆ. ತಿದ್ದುತ್ತ ಹೋದರೆ ಎರಡೂ ತಪ್ಪುತ್ತವೆ ಎಂದು ತನ್ನನ್ನು ತಾನು ಸಮಾಧಾನ ಮಾಡಿಕೊಂಡಿದ್ದಳು.

ಆ ಬೆಳಿಗ್ಗೆ ಹೋದ ಮನೆಯಲ್ಲಿ ಮಳೆಮರವೊಂದು ಮಹಡಿಯ ಕೋಣೆಯ ಮೇಲೆ ಅರ್ಧ ಒರಗಿಕೊಂಡಿತ್ತು. ಮನೆಯ ಯಜಮಾನರು ಬಾಯಿಗೆ ಬಿಡುವು ಕೊಡುವವರಲ್ಲ.

“ರಿಪೋರ್ಟು ಗಿಪೋರ್ಟು ಏನೂ ಬೇಡ ಡಾಕ್ಟ್ರೇ. ನಾಳೆ ಬಾಡಿಗೆಯವ್ರು ಸಾಮಾನು ತರ್ತಿದ್ದಾರೆ, ಗಂಡ ಹೆಂಡ್ತಿ, ಒಂದು ಕೂಸು. ಇರುತ್ತೋ ಬೀಳುತ್ತೋ, ಬಾಯಲ್ಲಿ ಹೇಳಿ ಸಾಕು.”

ಗುಬ್ಬಿ ಹಾಳೆಯಿಂದ ತಲೆಯೆತ್ತಿದಳು. ರಿಪೋರ್ಟಿಲ್ಲ ಎಂದರೆ ತಿದ್ದುವುದೂ ಇಲ್ಲ.

ಅಪ್ಪ ಎಂದಿನಂತೆ ಮರದ ಮೈ ಸವರಿ, “ಏನಪ್ಪಾ, ಹೇಗಿದ್ದೀ? ಯಾವಾಗಿಂದ ಈ ಸೊಂಟನೋವು?” ಎಂದರು. ಯಜಮಾನರು ಹೋ ಎಂದು ನಕ್ಕು ಅವಳ ಕಡೆ ತಿರುಗಿದರು. “ನನ್ನ ನಂಬರ್ ಬರ್ಕೊಳಮ್ಮ, ಹಿಂದ್ಗಡೆ ಬೀದೀಲಿ ನಮ್ಮ ತಂಗಿ ಮನೇಲೂ ಎರಡು ಮರ ಇದೆ.” ಅವಳು ಬರೆಯತೊಡಗಿದಳು. ನಾಲ್ಕನೆಯ ಅಂಕೆಯ ಹೊತ್ತಿಗೆ ಮರ ಡೊಬ್ ಎಂದಿತು. ಅವಳ ಪೆನ್ಸಿಲ್ಲು ಐದನೆಯ ಅಂಕೆ ಬರೆಯುತ್ತಲೇ ಇತ್ತು.

“ಗಟ್ಟಿ!” ಎಂದು ಅಪ್ಪ ಕೂಗಿದರು. “ಇನ್ನು ಹತ್ತು ವರ್ಷ ಇದರ ತಂಟೆಗೆ ಹೋಗ್ಬೇಡಿ.”

ಯಜಮಾನರು ಆಗಲೇ ಬಾಡಿಗೆಯವರಿಗೆ ಹೇಳಲು ಜೇಬಿನಿಂದ ಫೋನು ತೆಗೆದಿದ್ದರು.

“ಅಪ್ಪಾ,” ಎಂದಳು ಗುಬ್ಬಿ. ಅವರು ತಿರುಗಲಿಲ್ಲ. ಹೋಗಿ ತೋಳು ಹಿಡಿದಳು. “ಅಪ್ಪಾ, ಟೊಳ್ಳು ಅದು.”

ಅಪ್ಪ ಅವಳ ಮುಖ ನೋಡಿದರು. ಆಮೇಲೆ ಅವಳ ಕೈಯ ಹಾಳೆ ನೋಡಿದರು.

“ಇದೇನಮ್ಮಾ, ಅಪ್ಪ ಒಂದು ಹೇಳ್ತಾರೆ, ಮಗಳು ಇನ್ನೊಂದು ಹೇಳ್ತೀಯಾ!” ಎಂದರು ಯಜಮಾನರು. “ನಾನು ಯಾರ ಮಾತು ಕೇಳ್ಲಿ?”

“ಸೂಜಿ ಇಳಿಸಿ ನೋಡೋಣ,” ಎಂದಳು. ಹೇಳಿದವಳೇ ವ್ಯಾನಿನಿಂದ ಮರ ಕೊರೆಯುವ ಡ್ರಿಲ್ಲು ತಂದಳು.

ಡ್ರಿಲ್ಲಿನ ಉದ್ದನೆಯ ತೆಳು ಸೂಜಿ ತೊಗಟೆಯ ಹತ್ತಿರ ಒಂದು ಗಳಿಗೆ ಸೆಣಸಿತು. ಆಮೇಲೆ ಗೇಣುದ್ದ ಸಲೀಸಾಗಿ ಒಳಗೆ ಹೋಯಿತು. ಹೊರಗೆ ಬಂದದ್ದು ಒದ್ದೆಯಾದ ಕಪ್ಪು ಪುಡಿ. ಯಜಮಾನರು ಒಮ್ಮೆ ಅದನ್ನೂ ಒಮ್ಮೆ ಮಹಡಿಯ ಕಿಟಕಿಯನ್ನೂ ನೋಡಿದರು.

“ವಯಸ್ಸಾಯ್ತು ಡಾಕ್ಟ್ರೇ. ಇನ್ಮೇಲೆ ಮಗಳನ್ನೇ ಕಳಿಸಿಬಿಡಿ,” ಎಂದರು. ಈ ಸಲ ಅವರು ನಗಲಿಲ್ಲ.

ವ್ಯಾನಿನಲ್ಲಿ ಅಪ್ಪ ಕೀಲಿ ತಿರುಗಿಸದೆ ಕೂತೇ ಇದ್ದರು.

“ಪೆನ್ಸಿಲ್ಲು ನಿಲ್ಲಿಸ್ಲಿಲ್ಲ ನೀನು,” ಎಂದರು.

ಅವಳಿಗೆ ಅರ್ಥವಾಗಲಿಲ್ಲ.

“ಟೊಳ್ಳು ಸದ್ದು ಬಂದ್ರೆ ನಿನ್ನ ಪೆನ್ಸಿಲ್ಲು ನಿಲ್ಲುತ್ತೆ ಕಣೇ. ಯಾವಾಗ್ಲೂ. ನಾನು ಅದನ್ನೇ ನೋಡ್ಕೊಂಡು ಹೇಳ್ತಿದ್ದೆ. ಇವತ್ತು ನಿಲ್ಲಲಿಲ್ಲ, ಗಟ್ಟಿ ಅಂದೆ.”

ಅಪ್ಪ ತಪ್ಪು ಹೇಳಿದ ಆ ಮೂರು ಸಲವೂ ತಾನೇ ಎಲ್ಲೋ ನೋಡುತ್ತ ಗೀಚುತ್ತಿದ್ದಿರಬೇಕು, ಎಂದುಕೊಂಡಳು ಗುಬ್ಬಿ. ತಾನು ಅಪ್ಪನ ಕಣ್ಣಿಗೆ ಮಣ್ಣೆರಚುತ್ತಿದ್ದೇನೆ ಎಂದುಕೊಂಡಿದ್ದಳು. ಅಪ್ಪನೂ ಅವಳ ಕಣ್ಣಿಗೆ ಮಣ್ಣೆರಚುತ್ತಿದ್ದೇನೆ ಎಂದುಕೊಂಡೇ ಪಕ್ಕದಲ್ಲಿ ನಿಂತಿದ್ದರು. ಅಳು ಬರುವ ಮೊದಲೇ ಅವಳಿಗೆ ಬೇರೊಂದು ಹೊಳೆಯಿತು. ಅವರ ಬಲಗಿವಿಗೆ ಮುಟ್ಟುವಷ್ಟು ಜೋರಾಗಿ ಕೇಳಿದಳು.

“ನಾನು ಬರೋಕೆ ಮುಂಚೆ ಏನು ನೋಡ್ಕೊಂಡು ಹೇಳ್ತಿದ್ರಿ?”

ಅಪ್ಪ ಗಾಜಿನಾಚೆ ನೋಡಿದರು. “ಕೈಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಬಡಿದಾಗ ಅದುರೋದು ಗೊತ್ತಾಗುತ್ತೆ ಅಂತ.”

“ಎಷ್ಟು ದಿನ?”

“ಒಂದಾರು ತಿಂಗ್ಳು. ಹನ್ನೊಂದು ಮನೆ. ಒಬ್ಬನೇ.” ಎಂಜಿನ್ನು ಶುರುಮಾಡಿದರು. “ಕೆರೆ ಹತ್ತಿರದ ಮನೆಯಿಂದ ಹಿಡಿಯೋಣ. ಹೋಗಿ ಹೇಳ್ತೀನಿ, ನನಗೆ ಕಿವಿ ಕೇಳಲ್ಲ, ಮರ ಇನ್ನೊಂದ್ಸಲ ನೋಡ್ಬೇಕು ಅಂತ. ನಾನೇ ಹೇಳ್ತೀನಿ, ನೀನು ಬಾಯಿ ಹಾಕ್ಬೇಡ.”

ದಾರಿಯುದ್ದಕ್ಕೂ ಅವರು ಆ ಮಾತನ್ನು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದುದು ಅವಳಿಗೆ ಕಾಣುತ್ತಿತ್ತು.

ಕೆರೆಯ ಹತ್ತಿರದ ಮನೆಯ ಗೇಟು ಹೊಸದು. ಕಾಂಪೌಂಡಿನ ಒಂದು ಬದಿಯ ಇಟ್ಟಿಗೆಗಳಿಗೆ ಇನ್ನೂ ಗಾರೆಯಾಗಿರಲಿಲ್ಲ. ಅಂಗಳದ ಮೂಲೆಯಲ್ಲಿ, ಮರ ಇರಬೇಕಾದಲ್ಲಿ, ಬಟ್ಟೆ ಒಣಗುವ ಹಗ್ಗವಿತ್ತು. ಗುಬ್ಬಿ ಅಲ್ಲೇ ನಿಂತಳು. ಅಪ್ಪ ಮಾತ್ರ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲವರೆಗೆ ಹೋದರು.

ಬಾಗಿಲು ತೆಗೆದ ಹೆಂಗಸು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಗುರುತು ಹಿಡಿದು ಮುಖ ಅರಳಿಸಿದಳು. ಅಪ್ಪ ಮಾತು ಶುರುಮಾಡುವಷ್ಟರಲ್ಲಿ ಅವಳೇ ಶುರುಮಾಡಿದ್ದಳು.

“ಅಯ್ಯೋ ಡಾಕ್ಟ್ರೇ, ಮರ ಹೋಯ್ತಲ್ಲಾ! ಹೋದ್ಸಲದ ಗಾಳಿಗೆ, ನಮ್ಮತ್ತೆ ಕೋಣೆ ಮೇಲೇ ಬಿತ್ತು. ಸೊಂಟ ಮುರ್ಕೊಂಡು ಮಲಗಿದವ್ರು ಇನ್ನೂ ಎದ್ದಿಲ್ಲ. ಅವ್ರಿವ್ರು ನೂರು ಹೇಳಿದ್ರು, ಮೊದ್ಲೇ ಕಡಿಸ್ಬೇಕಿತ್ತು ಅಂತ. ನಮ್ಮತ್ತೆ ಮಾತ್ರ ಒಪ್ಪಲೇ ಇಲ್ಲ. ಡಾಕ್ಟ್ರು ಬಂದು ನೋಡಿ ಗಟ್ಟಿ ಅಂದಿದ್ರು, ಗಾಳಿ ಅಂಥದ್ದು, ಯಾರೇನು ಮಾಡೋಕಾಗುತ್ತೆ ಅಂತಾರೆ. ಬನ್ನಿ ಒಳಗೆ.”

ಹೆಂಗಸು ನಿಂತಿದ್ದದ್ದು ಅಪ್ಪನ ಎಡಬದಿಗೆ. ಅಪ್ಪ ನಡುನಡುವೆ ತಲೆಯಾಡಿಸುತ್ತ, ಕೇಳಿಸಿಕೊಂಡವರ ಹಾಗೆ ಮುಗುಳ್ನಕ್ಕರು. ಆಮೇಲೆ ಮೆಲ್ಲನೆ ಗುಬ್ಬಿಯ ಕಡೆ ತಿರುಗಿದರು.

“ಏನಂದ್ರು?”

ಒಳಗಿನ ಕೋಣೆಯಿಂದ ಯಾರೋ ಕ್ಷೀಣವಾಗಿ, ಯಾರು ಬಂದಿರುವುದೆಂದು ಕೇಳಿದರು. ಗುಬ್ಬಿ ಅಂಗಳ ದಾಟಿ ಬಂದು ಅಪ್ಪನ ಬಲಕ್ಕೆ ನಿಂತಳು. ಹೆಂಗಸು ನೋಡುತ್ತಿದ್ದಂತೆಯೇ, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ, ಆಕೆ ಅಂದದ್ದನ್ನು ಒಂದು ಮಾತೂ ಬಿಡದೆ ಅಪ್ಪನಿಗೆ ಹೇಳಿದಳು.