ಮಾತಾಡುವ ಚೆಂಡು

ವೆಲ್ಡರ್‌ನ ಕವರ್ ಡ್ರೈವ್ ನೋಡಲೆಂದೇ ವರ್ಕ್‌ಶಾಪಿನವರು ಭಾನುವಾರ ಮೈದಾನಕ್ಕೆ ಬರುತ್ತಿದ್ದ ಕಾಲವೊಂದಿತ್ತು. ಸಿಲಿಂಡರ್ ಸಿಡಿದು ಎರಡೂ ಕಣ್ಣು ಹೋದ ಮೇಲೆ ಅವನು ಬ್ಯಾಟನ್ನು ಅಟ್ಟಕ್ಕೆ ಹಾಕಿಸಿ ಮನೆಯ ಮೂಲೆ ಹಿಡಿದ. ಪಕ್ಕದ ಮನೆಯ ಕಾಮೆಂಟರಿ ಕೇಳಿಸಿದರೂ ಕಿಟಕಿ ಮುಚ್ಚು ಎನ್ನುತ್ತಿದ್ದ.

ಇದನ್ನೆಲ್ಲ ಬಹಳ ಕಾಲ ಸಹಿಸಿದ ಹೆಂಡತಿ ಒಂದು ದಿನ ಅವನ ಕೈಹಿಡಿದು ಅಂಧರ ತಂಡದ ಅಭ್ಯಾಸಕ್ಕೆ ಕರೆದೊಯ್ದಳು. ಅದರ ಕ್ಯಾಪ್ಟನ್ ಹುಟ್ಟುಕುರುಡ, ಬಾಯಿ ಜೋರು. ಗಲಗಲ ಎನ್ನುವ ಪ್ಲಾಸ್ಟಿಕ್ ಚೆಂಡನ್ನು ನೆಲದಲ್ಲಿ ಉರುಳಿಸುತ್ತಾರೆ, ಸದ್ದು ಹಿಡಿದು ಮಂಡಿಯೂರಿ ಸ್ವೀಪ್ ಹೊಡೆಯಬೇಕು ಎಂದು ವಿವರಿಸಿದ. ಇದು ಆಟವಲ್ಲ, ಕಸ ಗುಡಿಸೋದು ಎಂದು ಗೊಣಗಿದ ವೆಲ್ಡರ್, ಹಳೆಯ ಠೀವಿಯಲ್ಲೇ ನೆಟ್ಟಗೆ ನಿಂತ. ಚೆಂಡು ಬ್ಯಾಟಿನಡಿ ನುಸುಳಿ ಸ್ಟಂಪಿಗೆ ಬಡಿಯಿತು. ಮತ್ತೊಮ್ಮೆ, ಮಗದೊಮ್ಮೆ.

"ನೀನಿನ್ನೂ ಕಣ್ಣಲ್ಲೇ ಆಡ್ತಿದ್ದೀಯ," ಎಂದ ಕ್ಯಾಪ್ಟನ್. "ಚೆಂಡು ಮಾತಾಡ್ಕೊಂಡೇ ಬರುತ್ತೆ. ಪೂರ್ತಿ ಕೇಳಿಸ್ಕೊ, ಆಮೇಲೆ ಉತ್ತರ ಕೊಡು."

ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಮುಖ ಊದಿಸಿಕೊಂಡೇ ಮನೆಗೆ ಬಂದ. ಹೆಂಡತಿ ಜಗಳಕ್ಕೆ ಹೋಗಲಿಲ್ಲ. ಕ್ಯಾಪ್ಟನ್‌ನನ್ನು ಕೇಳಿ ತಂದಿದ್ದ ಚೆಂಡನ್ನು ಮರುದಿನ ನಡುಮನೆಯಲ್ಲಿ ಅವನತ್ತ ಉರುಳಿಸಿದಳು. ಅದು ಕಾಲಿಗೆ ತಾಗಿ ನಿಂತಿತು.

"ಮದುವೆಯಾದಾಗಿಂದ ನನ್ನ ಮಾತಂತೂ ಕೇಳಲಿಲ್ಲ. ಅದರ ಮಾತಾದ್ರೂ ಕೇಳಿ."

ಅವನಿಗೆ ನಗು ತಡೆಯಲಾಗಲಿಲ್ಲ. ಅಪಘಾತವಾದ ಮೇಲೆ ಅವನು ನಕ್ಕಿದ್ದೇ ಅವತ್ತು. ಬ್ಯಾಟ್ ಇಳಿಸು ಎಂದ.

ಅಂದಿನಿಂದ ಅಕ್ಕಪಕ್ಕದವರು ತಲೆಕೆಡಿಸಿಕೊಳ್ಳುವಷ್ಟು ಗಲಗಲ. ಹೆಂಡತಿಯ ಭುಜ ನೋಯುತ್ತಿತ್ತು, ಅವನ ಮಂಡಿ ತರಚಿತು. ನಿಧಾನವಾಗಿ, ಸದ್ದು ಎಡಕ್ಕೆ ಬಾಗುವುದೂ ಬಲಕ್ಕೆ ಸರಿಯುವುದೂ ಅವನಿಗೆ ತಿಳಿಯತೊಡಗಿತು.

ಪಂದ್ಯದ ದಿನ ಅವನು ಕ್ರೀಸಿಗೆ ಬಂದಾಗ ಮೈದಾನವೆಲ್ಲ ಗಪ್‌ಚುಪ್, ಚೆಂಡು ಕೇಳಿಸಬೇಕಲ್ಲ. ಬೌಲರ್ 'ಪ್ಲೇ' ಎಂದು ಕೂಗಿ ಚೆಂಡು ಬಿಟ್ಟ. ವೆಲ್ಡರ್ ಅವಸರಪಡಲಿಲ್ಲ. ಸದ್ದು ತೀರ ಹತ್ತಿರ ಬಂದಾಗ ಮಂಡಿಯೂರಿ ಬ್ಯಾಟ್ ಬೀಸಿದ. ಬ್ಯಾಟಿನ ನಡುವಿಗೇ ತಗುಲಿದ್ದು ಮೊಣಕೈವರೆಗೂ ಗೊತ್ತಾಯಿತು.

"ಎಲ್ಲಿಗೆ ಹೋಯ್ತು?" ಎಂದು, ಅಲ್ಪಸ್ವಲ್ಪ ಕಣ್ಣು ಕಾಣುತ್ತಿದ್ದ ವಿಕೆಟ್‌ಕೀಪರನ್ನು ಕೇಳಿದ.

"ಬೌಂಡರಿ ಕಣಣ್ಣ," ಎಂದ ಅವನು, ಎದುರಾಳಿಯಾದರೂ ಖುಷಿಯಿಂದ.

ಆಮೇಲೆ ಚಪ್ಪಾಳೆ ಎದ್ದಿತು.

ಅವನು ಎಲ್‌ಬಿಡಬ್ಲ್ಯೂ ಆದ, ತಂಡ ಸೋತಿತು. ಹಿಂತಿರುಗುವ ಬಸ್ಸಿನಲ್ಲಿ, ಅದು ಔಟೇ ಅಲ್ಲ, ಅಂಪೈರ್‌ಗೆ ತಲೆ ಇಲ್ಲ ಎಂದು ವೆಲ್ಡರ್ ಕ್ಯಾಪ್ಟನ್ ಜೊತೆ ಊರಿಗೆಲ್ಲ ಕೇಳುವಂತೆ ವಾದಕ್ಕಿಳಿದಿದ್ದ. ಮುಂದಿನ ಸೀಟಿನಲ್ಲಿ ಹೆಂಡತಿ ನಗುತ್ತಾ ಕಿಟಕಿಗೊರಗಿದಳು.