ನೀರು ಇಳಿಯುವ ಹೊತ್ತು

ಗುಡಿಯ ಉಗ್ರಾಣದ ಗೋಡೆಯೊಂದಕ್ಕೆ ಏನೇನು ತಗಲುತ್ತದೆ? ಗದ್ದೆಯಡಿಯ ಜಿಗುಟು ಮಣ್ಣು. ಭತ್ತದ ಹುಲ್ಲು, ಅದು ಮಣ್ಣಿನಲ್ಲಿ ಕೊಳೆತು ನಾರುವಷ್ಟು ಕಾಲ. ಸುಟ್ಟ ಸುಣ್ಣ, ಅಂಟಿಗೆ ಬೇಯಿಸಿದ ಕಡಲಪಾಚಿ, ಕೂದಲಿನಂತೆ ಬಿಡಿಸಿದ ಸೆಣಬಿನ ನಾರು. ಆಮೇಲೆ ತುಳಿಯುವವರ ಹಿಮ್ಮಡಿಯ ಚರ್ಮ. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ನಿಂತ್ಕಂಡೇ ನಿದ್ದೆ ಹೊಡೀತೀಯೇನ್ಲಾ? ತುಳಿಯಲಾ, ಬಡ್ಡೆತ್ತದ್ದೇ! ಮಣ್ಣೇನು ನಿಮ್ಮತ್ತೆ ಮಗಳಾ, ಮೆತ್ತಗೆ ಕಾಲಿಡೋಕೆ?"

ಹೀಗೆ ಬೈಸಿಕೊಂಡೇ ಕಿಂಜಿ ಗಾರೆ ಮೇಸ್ತ್ರಿ ತೊರಾಜೊನ ಕೈಕೆಳಗೆ ಬೆಳೆದ. ಮೊದಮೊದಲು ಬರೀ ತುಳಿತ. ಬೇಸಿಗೆಯಲ್ಲಿ ಅವನವ್ವ ಹಿಸಾ ಕೂಡ ತಲೆಗೆ ಬಟ್ಟೆ ಸುತ್ತಿ ಬಂದು, ಎಲ್ಲಿಯವಳೆಂದು ಬಾಯಿಬಿಡದೆ, ಕೂಲಿಗೆ ಮಣ್ಣು ತುಳಿದು ಹೋಗುತ್ತಿದ್ದಳು. ಆಮೇಲೆ ಕಿಂಜಿ ಸುಣ್ಣ ಕಲಸಿದ. ಹಳೆಯ ಗೋಡೆ ಬಿಚ್ಚಿ, ಹಳೆಯ ಮಣ್ಣನ್ನು ಹೊಸದಕ್ಕೆ ಬೆರೆಸಿ, ಒರಟು ಮೆತ್ತಿಗೆ ಹಾಕುವುದನ್ನು ಕಲಿತ. ಆದರೆ ಮೇಲಿನ ಬಿಳಿ ಗಾರೆ ಎಳೆಯುವ ಕರಣೆಯನ್ನು ಮೇಸ್ತ್ರಿ ಅವನ ಕೈಗೆ ಕೊಟ್ಟಿರಲಿಲ್ಲ. ಬಿಳಿ ಎಳೆದವನೇ ಗಾರೆಯವನು. ಅಲ್ಲಿಯ ತನಕ ಎಷ್ಟು ಕಲಿತರೂ ಅವನು ಮಣ್ಣು ತುಳಿಯುವವನೇ.

ಕಿಂಜಿ ಹೊಳೆಯಾಚೆ ಕೇರಿಯವನು. ದನ ಸುಲಿದು ಚರ್ಮ ಹದ ಮಾಡುವವರ ಕೇರಿ. ಅದು ಮೇಸ್ತ್ರಿಗೆ ಮಾತ್ರ ಗೊತ್ತಿತ್ತು.

"ಇಲ್ಲಿ ಏನ್ ಬೇಕಾದ್ರೂ ತಿನ್ನು. ನಿಮ್ ಕೇರೀಲಿ ಕರೀತಾರಲ್ಲ ದನದ ಕರುಳು, ಅದು ಮಾತ್ರ ತರಬ್ಯಾಡ. ಅದರ ವಾಸನೆ ಯಾರ ಮೂಗಿಗಾದ್ರೂ ಬಿತ್ತೋ, ನೀನೂ ಇಲ್ಲ, ನಾನೂ ಇಲ್ಲ," ಎಂದು ಸೇರಿಸಿಕೊಂಡ ದಿನವೇ ಹೇಳಿದ್ದ.

ಯುದ್ಧ ಮುಗಿದು ಊರು ಚೇತರಿಸಿಕೊಳ್ಳುತ್ತಿದ್ದ ಕಾಲ. ಗುಡಿಯ ಪುರಾತನ ಉಗ್ರಾಣದ ದುರಸ್ತಿ ತೊರಾಜೊಗೆ ಸಿಕ್ಕಿತು. ಬಿಳಿ ಗಾರೆಯ ದಿನ ಅವನು ತನ್ನ ತೆಳು ಕರಣೆಯನ್ನು ಕಿಂಜಿಯ ಕಡೆ ಚಾಚಿದ.

"ಇವತ್ತು ನೀನೇ ಎಳಿ. ನನ್ ಕೈ ಇನ್ನು ಹೆಂಡದ ಬಟ್ಟಲು ಹಿಡಿಯೋಕಷ್ಟೇ ಲಾಯಕ್ಕು."

"ಅದನ್ನೂ ಚೆಲ್ತೀರಲ್ಲ ಮೇಸ್ತ್ರಿ."

"ಚೆಲ್ಲಿದ್ದನ್ನ ನೆಕ್ಕಂತೀನಿ. ಹತ್ತಲಾ ಮುಚ್ಕಂಡು!"

ಮಧ್ಯಾಹ್ನಕ್ಕೆ ಗೋಡೆಯೆಲ್ಲ ಬಿಳಿ ಬಂತು. ಇನ್ನು ಗಾರೆಯ ನೀರು ಇಳಿಯುವ ತನಕ ಕಾಯಬೇಕು. ಇಳಿದ ಕೂಡಲೇ ಒತ್ತಿ ಒತ್ತಿ ಎಳೆದರೆ ನುಣುಪು ಬರುತ್ತದೆ. ತಡವಾದರೆ ಬಿರುಕು, ನಡುವೆ ಕೈ ಬದಲಾದರೆ ಗುರುತು. ಗಾರೆಯವರು ಉಣ್ಣುವುದು ಈ ಹೊತ್ತಿನಲ್ಲೇ.

ಕಿಂಜಿ ಗೋಡೆಗೆ ಕಟ್ಟಿದ್ದ ಬಿದಿರಿನ ಸಾರವೆಯ ಮೇಲೆಯೇ ಕೂತು ಬುತ್ತಿ ಬಿಚ್ಚಿದ. ಅನ್ನದ ಮೇಲೆ ಸೊಪ್ಪು, ಸೊಪ್ಪಿನ ನಡುವೆ ಕರಿದ ಕರುಳಿನ ಗರಿಗರಿ ತುಂಡುಗಳು. ಮಗ ಗಾರೆಯವನಾಗುವ ದಿನವೆಂದು ಅವ್ವ ಮನೆಯಲ್ಲಿದ್ದ ಒಳ್ಳೆಯದನ್ನೇ ಹಾಕಿದ್ದಳು. ತಟ್ಟನೆ ಮುಚ್ಚಿದ. ಅವ್ವ ಕತ್ತಲಲ್ಲೆದ್ದು ಒಲೆ ಹಚ್ಚಿದ್ದು ನೆನಪಾಗಿ ಮತ್ತೆ ತೆರೆದ. ಒಂದೇ ಒಂದು ತುಂಡು ಬಾಯಿಗಿಟ್ಟುಕೊಂಡ.

ಅಂಗಳ ಗುಡಿಸುತ್ತಿದ್ದ ಕಿರಿಯ ಪೂಜಾರಿ ಮೂಗರಳಿಸಿ ಮೇಲೆ ನೋಡಿದ. ಒಳಗೆ ಓಡಿದ. ಹಿರಿಯ ಪೂಜಾರಿ ಹೊರಗೆ ಬರುತ್ತಲೇ ಕಿರಿಯವನು ಹೆಬ್ಬೆರಳು ಮಡಿಸಿ ನಾಲ್ಕು ಬೆರಳು ಎತ್ತಿ ತೋರಿಸಿದ. ನಾಲ್ಕು ಕಾಲಿನವನು, ಮನುಷ್ಯನಲ್ಲ. ಆ ಸೀಮೆಯಲ್ಲಿ ಕೇರಿಯವರನ್ನು ಹಾಗೆನ್ನಲು ಬಾಯಿ ಬೇಕಿರಲಿಲ್ಲ.

"ತೊರಾಜೊ! ದೇವರ ಉಗ್ರಾಣಕ್ಕೆ ದನ ಸುಲಿಯೋನ್ನ ಹತ್ತಿಸಿದ್ದೀಯಾ?"

"ಕೈ ಒಳ್ಳೇದು ಅಯ್ನೋರೇ. ನನಗಿಂತಾನೂ..."

"ಹುಟ್ಟೇ ಹೊಲಸು, ಕೈ ತಗಂಡು ಏನ್ಮಾಡ್ಲಿ? ಇಳಿಯೋ ಕೆಳಗೆ, ಸೂಳೆಮಗನೇ!"

ಕಿಂಜಿ ಗೋಡೆಗೆ ಬೆರಳು ತಾಗಿಸಿ ನೋಡಿದ. "ಅಯ್ನೋರೇ, ನೀರಿಳೀತು. ಇದೊಂದು ಒತ್ತಿ ಇಳೀತೀನಿ. ಆಮ್ಯಾಕೆ ಬೇಕಾದ್ರೆ ಹೊಡೀರಿ."

ಹಿರಿಯ ಪೂಜಾರಿ ಬಾಗಿಲ ಬಳಿಯ ಗಡಿಗೆಯಿಂದ ಮೈಲಿಗೆ ಕಳೆಯುವ ಉಪ್ಪನ್ನು ಮುಷ್ಟಿ ತುಂಬ ತೆಗೆದು ಬೀಸಿದ. ಮತ್ತೊಂದು ಮುಷ್ಟಿ. ಉಪ್ಪು ಕಿಂಜಿಯ ಕಣ್ಣಿಗೂ ಬಿತ್ತು, ಹಸಿ ಗೋಡೆಗೂ ಕಚ್ಚಿಕೊಂಡಿತು. ಉಪ್ಪು ತಿಂದ ಗಾರೆ ಮಳೆಗಾಲವೆಲ್ಲ ಬೆವರುತ್ತದೆ, ಆಮೇಲೆ ಹಕ್ಕಳೆಯೇಳುತ್ತದೆ.

ಕಿಂಜಿ ಕಣ್ಣೊರೆಸಿಕೊಂಡು ಕೆಳಗೆ ನೋಡಿದ. "ಮೇಸ್ತ್ರಿ, ಒಂದು ಮಾತು ಹೇಳಿ."

ತೊರಾಜೊನ ಹಿಂದೆ ಉಳಿದ ಆಳುಗಳು ನಿಂತಿದ್ದರು. ಅವರ ಮನೆಗಳ ಒಲೆ ಉರಿಯುವುದು ಈ ಗುಡಿಯ ಕೆಲಸದಿಂದ. ಅವನು ನೆಲ ನೋಡಿದ.

"ಇಳಿದು ಬಾರಪ್ಪ," ಎಂದ. "ಮಿಕ್ಕಿದ್ದು ನಾನು ಒತ್ಕತೀನಿ."

ಆ ಬಾಯಲ್ಲಿ 'ಲಾ' ಬಿಟ್ಟು 'ಅಪ್ಪ' ಎಂದದ್ದನ್ನು ಕಿಂಜಿ ಕೇಳಿದ್ದು ಅದೇ ಮೊದಲು. ಎದೆ ಅಲ್ಲಿ ಒಡೆಯಿತು, ಉಪ್ಪು ಬಿದ್ದಾಗಲಲ್ಲ.

"ಅಯ್ನೋರೇ," ಎಂದ ಪೂಜಾರಿಯ ಕಡೆ ತಿರುಗಿ, "ನೀವು ಬಡಿಯೋ ನಗಾರಿ ಚರ್ಮ ನಮ್ಮವ್ವ ಹದ ಮಾಡಿದ್ದು. ಈ ಗೋಡೆ ಒಳಗಿನ ಮಣ್ಣು ಅವಳು ತುಳಿದದ್ದು. ಅದಕ್ಕೂ ಉಪ್ಪು ಹಾಕಿ. ಸಾಲದಿದ್ರೆ ನಿಮ್ ದೇವರನ್ನೂ ತಂದು ಉಪ್ಪಿನಕಾಯಿ ಹಾಕ್ರಿ!"

ಕರಣೆಯನ್ನು ಅಂಚಿಗೆ ತಿರುಗಿಸಿ, ಮೇಲಿನಿಂದ ಕೆಳಕ್ಕೆ, ತಾನೇ ಎಳೆದ ಬಿಳಿಯನ್ನೆಲ್ಲ ಕೆರೆಯತೊಡಗಿದ. ಪೂಜಾರಿ ಕೂಗಾಡಿದ. ಯಾವ ಆಳೂ ಸಾರವೆ ಹತ್ತಲಿಲ್ಲ. ತೊರಾಜೊ ಮಾತ್ರ ಗಾರೆ ಹಲಗೆ ಹಿಡಿದು ಕೆಳಗೆ ಬಂದು ನಿಂತ. ಬೀಳುತ್ತಿದ್ದ ಬಿಳಿಯನ್ನು, ಶಿಷ್ಯ ಗುರುವಿಗೆ ಹಿಡಿಯುವ ಹಾಗೆ, ಅದರಲ್ಲಿ ಹಿಡಿದ. ಗೋಡೆ ಕಂದು ಮಣ್ಣಾಗುವ ತನಕ ಹಲಗೆ ಕೆಳಗಿಳಿಸಲಿಲ್ಲ.

ಕಿಂಜಿ ಕರಣೆ ತೊಳೆದು, ಒರೆಸಿ, ಮೇಸ್ತ್ರಿಯ ಕೈಗಿಟ್ಟು ಹೊರಟುಹೋದ.

ಗುಡಿಯ ಹಬ್ಬ ಬರುವುದರೊಳಗೆ ಬೇರೆ ಊರಿನ ಗಾರೆಯವರು ಬಂದು ಅದೇ ಮಣ್ಣಿನ ಮೇಲೆ ಬಿಳಿ ಎಳೆದು ಹೋದರು. ತೊರಾಜೊಗೆ ಮತ್ತೆ ಯಾವ ಗುಡಿಯೂ ಕೆಲಸ ಕೊಡಲಿಲ್ಲ. ಅವನ ಕಸುಬು ಕಲಿತಿದ್ದವನು ಕಿಂಜಿಯೊಬ್ಬನೇ. ಅವನು ಈಗ ಕೇರಿಯಲ್ಲಿ ಚರ್ಮ ಕೆರೆಯುತ್ತಾನೆ. ಪೂಜಾರಿಗೆ ಏನೂ ನಷ್ಟವಾಗಲಿಲ್ಲ.